ವರ್ಕ್‌ಶಾಪ್‌ನಲ್ಲಿ ಗೆದ್ದ ಸಾಧನ, ಕಾರ್ಖಾನೆಯಲ್ಲಿ ಪರೀಕ್ಷೆ: ಸರ್ಕಾರದ ಹಣ ಕೇಳುವ ಮೊದಲು

ಪ್ರಶ್ನೆ: ನಾವು ಮೂವರು ಸೇರಿ ಕಂಪನಿ ಮಾಡಿ ಒಂದೂವರೆ ವರ್ಷವಾಯಿತು. ಮೋಟರ್, ಪಂಪ್, ಕಂಪ್ರೆಸರ್‌ಗಳಿಗೆ ಅಂಟಿಸುವ ಸಣ್ಣ ಸಾಧನವೊಂದನ್ನು ತಯಾರಿಸಿದ್ದೇವೆ. ಅದು ಕಂಪನವನ್ನು ಅಳೆದು, ಬೇರಿಂಗ್ ಪೂರ್ತಿ ಕೆಡುವ ಮೊದಲೇ ಮೊಬೈಲ್‌ಗೆ ಎಚ್ಚರಿಕೆ ಕಳಿಸುತ್ತದೆ. ನಮ್ಮ ವರ್ಕ್‌ಶಾಪ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ. ಈಗ ಪೀಣ್ಯದ ನಾಲ್ಕೈದು ಸಣ್ಣ ಕಾರ್ಖಾನೆಗಳಲ್ಲಿ 20 ಮೋಟರ್‌ಗಳ ಮೇಲೆ ಆರು ತಿಂಗಳು ಪರೀಕ್ಷಿಸಬೇಕೆಂದಿದ್ದೇವೆ, ಆದರೆ ಕೈಯಲ್ಲಿ ದುಡ್ಡಿಲ್ಲ. ಇದಕ್ಕೆ ಸರ್ಕಾರದ ಯಾವ ಯೋಜನೆಯಲ್ಲಿ ಹಣ ಸಿಗುತ್ತದೆ? ಅರ್ಜಿಯಲ್ಲಿ ಏನು ಬರೆದರೆ ಸಮಿತಿ ಒಪ್ಪುತ್ತದೆ? ಹಣ ಬರುವವರೆಗೂ ಸುಮ್ಮನೆ ಕಾಯಬೇಕೆ?

ಉತ್ತರ: ಯೋಜನೆಗಳ ಹೆಸರನ್ನು ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಸಮಯ ಕಡಿಮೆ ಇದೆ.

ನಿಮ್ಮ ಹಂತಕ್ಕೆ ಹೇಳಿ ಮಾಡಿಸಿದಂತಿರುವುದು ಕೇಂದ್ರದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್ ಯೋಜನೆ. 2021ರಲ್ಲಿ 945 ಕೋಟಿ ರೂಪಾಯಿಯೊಂದಿಗೆ ಶುರುವಾದದ್ದು. ಮಾದರಿ ತಯಾರಿಸಲು, ಉತ್ಪನ್ನದ ಟ್ರಯಲ್ ನಡೆಸಲು 20 ಲಕ್ಷದವರೆಗೆ ಅನುದಾನ ಕೊಡುತ್ತದೆ. ಮಾರುಕಟ್ಟೆಗೆ ಇಳಿಯುವ ಹಂತಕ್ಕೆ 50 ಲಕ್ಷದವರೆಗೆ ಸಿಗುತ್ತದೆ, ಆದರೆ ಅದು ಸಾಲ ಅಥವಾ ಮುಂದೆ ಷೇರಾಗಿ ಬದಲಾಗುವ ಸಾಲಪತ್ರ. ದುಡ್ಡು ದೆಹಲಿಯಿಂದ ನೇರವಾಗಿ ನಿಮ್ಮ ಖಾತೆಗೆ ಬರುವುದಿಲ್ಲ. ಯೋಜನೆಗೆ ಆಯ್ಕೆಯಾದ ಇನ್‌ಕ್ಯುಬೇಟರ್‌ಗಳ, ಅಂದರೆ ಹೊಸ ಕಂಪನಿಗಳನ್ನು ಪೋಷಿಸುವ ಸಂಸ್ಥೆಗಳ, ಮೂಲಕ ಬರುತ್ತದೆ. ಒಂದೇ ಅರ್ಜಿಯಲ್ಲಿ ಮೂರು ಇನ್‌ಕ್ಯುಬೇಟರ್‌ಗಳನ್ನು ಆದ್ಯತೆಯ ಕ್ರಮದಲ್ಲಿ ಹೆಸರಿಸಬಹುದು.

ನಿಮಗೆ ಆತುರ ಏಕೆಂದರೆ, ಅರ್ಜಿ ಹಾಕುವ ದಿನಕ್ಕೆ ಕಂಪನಿ ನೋಂದಣಿಯಾಗಿ ಎರಡು ವರ್ಷ ಮೀರಿರಬಾರದು. ನಿಮಗೆ ಉಳಿದಿರುವುದು ಆರು ತಿಂಗಳು. ಸ್ಟಾರ್ಟ್‌ಅಪ್ ಎಂದು ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆ, ಅಂದರೆ ಡಿಪಿಐಐಟಿ, ಕೊಡುವ ಮಾನ್ಯತೆ ಇನ್ನೂ ಪಡೆದಿಲ್ಲವಾದರೆ ಇವತ್ತೇ ಅರ್ಜಿ ಹಾಕಿ, ಅದಿಲ್ಲದೆ ಮುಂದಿನ ಹೆಜ್ಜೆಯಿಲ್ಲ. ಇನ್ನೊಂದು ಷರತ್ತನ್ನು ಬಹಳ ಮಂದಿ ಗಮನಿಸುವುದೇ ಇಲ್ಲ: ಬೇರೆ ಕೇಂದ್ರ ಅಥವಾ ರಾಜ್ಯ ಯೋಜನೆಯಿಂದ 10 ಲಕ್ಷಕ್ಕಿಂತ ಹೆಚ್ಚು ಹಣಕಾಸಿನ ನೆರವು ಪಡೆದಿರಬಾರದು. ಸ್ಪರ್ಧೆಗಳಲ್ಲಿ ಗೆದ್ದ ಬಹುಮಾನದ ಹಣ ಇದರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಯಾವುದನ್ನು ಮೊದಲು ಕೇಳುತ್ತೀರಿ ಎಂಬುದು ಮುಖ್ಯ. ರಾಜ್ಯದ ಎಲಿವೇಟ್ ಕಾರ್ಯಕ್ರಮದಲ್ಲಿ ಆಯ್ಕೆಯಾದ ಸ್ಟಾರ್ಟ್‌ಅಪ್‌ಗಳಿಗೆ 50 ಲಕ್ಷದವರೆಗೆ ಅನುದಾನವಿದೆ, ನಿಮ್ಮಂಥವರಿಗೆ ಅದೂ ಒಳ್ಳೆಯದೇ. ಆದರೆ ಅದನ್ನು ಮೊದಲು ತೆಗೆದುಕೊಂಡರೆ ಸೀಡ್ ಫಂಡ್‌ನ ಬಾಗಿಲು ಮುಚ್ಚಿಕೊಳ್ಳಬಹುದು. ಸೀಡ್ ಫಂಡ್ ಯೋಜನೆ ಮಂಜೂರಾದದ್ದು 2021-22ರಿಂದ ನಾಲ್ಕು ವರ್ಷದ ಅವಧಿಗೆ, ಆ ಲೆಕ್ಕ ದಾಟಿದೆ. ಆದ್ದರಿಂದ ಅರ್ಜಿ ತುಂಬುವ ಮೊದಲು ಇನ್‌ಕ್ಯುಬೇಟರ್‌ಗೆ ಫೋನ್ ಮಾಡಿ, ಹಂಚಲು ಹಣ ಉಳಿದಿದೆಯೇ, ಹೊಸ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿಬಿಡಿ. ವೆಬ್‌ಸೈಟ್ ತೆರೆದಿದೆ ಎಂದ ಮಾತ್ರಕ್ಕೆ ತಿಜೋರಿ ತೆರೆದಿದೆ ಎಂದಲ್ಲ.

ಉಳಿದವುಗಳಿಗೆ ಒಂದೊಂದೇ ಮಾತು ಸಾಕು. ನಿಧಿ-ಪ್ರಯಾಸ್ 10 ಲಕ್ಷದವರೆಗೆ ಕೊಡುತ್ತದೆ, ಆದರೆ ಅದು ಕಲ್ಪನೆಯಿಂದ ಮಾದರಿಗೆ ಬರುವವರಿಗೆ. ನೀವು ಆ ಹಂತ ದಾಟಿದ್ದೀರಿ. ಕೇಂದ್ರದ ಬೈರಾಕ್ ಸಂಸ್ಥೆಯ ಬಿಗ್ ಅನುದಾನ ಜೈವಿಕ ತಂತ್ರಜ್ಞಾನದವರಿಗೆ. ರಕ್ಷಣಾ ಇಲಾಖೆಯ ಐಡೆಕ್ಸ್ 1.5 ಕೋಟಿವರೆಗೆ ಕೊಡುತ್ತದಾದರೂ, ಸೇನೆ ಮುಂದಿಟ್ಟ ಸಮಸ್ಯೆಗೆ ನಿಮ್ಮಲ್ಲಿ ಉತ್ತರ ಇರಬೇಕು, ನಿಮ್ಮ ಪಾಲಿನ ಹಣವನ್ನೂ ಹಾಕಬೇಕು. ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಯೋಜನಾ ವೆಚ್ಚದ ಅರ್ಧದವರೆಗೆ ಶೇ 5ರ ಸರಳ ಬಡ್ಡಿಗೆ ಸಾಲ ಕೊಡುತ್ತದೆ. ಅದು ಟ್ರಯಲ್ ಮುಗಿದು ಉತ್ಪಾದನೆಗೆ ಕೈಹಾಕುವಾಗ ನೋಡುವ ಮಾತು. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನೆ ಮತ್ತು ನಾವೀನ್ಯ ನಿಧಿಯ ಸುದ್ದಿ ಓದಿರುತ್ತೀರಿ. ಅದರಲ್ಲಿ ಹಣ ಹರಿಯುವುದು ಎರಡನೇ ಹಂತದ ನಿಧಿ ನಿರ್ವಾಹಕರ ಮೂಲಕ, ಮುಖ್ಯವಾಗಿ ದೀರ್ಘಾವಧಿ ಸಾಲ ಮತ್ತು ಬಂಡವಾಳದ ರೂಪದಲ್ಲಿ. 20 ಮೋಟರ್‌ಗಳ ಟ್ರಯಲ್‌ಗೆ ಅಷ್ಟು ದೂರ ಹೋಗಬೇಕಿಲ್ಲ.

ಇಷ್ಟು ಹೇಳಿ, ನೀವು ಕೇಳದ ಒಂದು ವಿಷಯಕ್ಕೆ ಬರುತ್ತೇನೆ. ನಿಮ್ಮ ಟ್ರಯಲ್‌ನ ಯೋಜನೆಯೇ ಸರಿಯಿಲ್ಲ. ಹಣ ಸಿಕ್ಕರೂ, ಈಗಿರುವಂತೆ ನಡೆಸಿದರೆ ಆರು ತಿಂಗಳ ಕೊನೆಗೆ ನಿಮ್ಮ ಕೈಯಲ್ಲಿ ಏನೂ ಉಳಿಯದಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು.

ಲೆಕ್ಕ ಹಾಕೋಣ. ಕಾರ್ಖಾನೆಯ ಮೇಂಟೆನೆನ್ಸ್ ರಿಜಿಸ್ಟರ್ ನೋಡಿದಾಗ 100 ಮೋಟರ್‌ಗಳಲ್ಲಿ ವರ್ಷಕ್ಕೆ ಆರರ ಬೇರಿಂಗ್ ಕೆಡುತ್ತದೆ ಎಂದು ಕಂಡುಬಂತು ಎಂದಿಟ್ಟುಕೊಳ್ಳಿ. ಇದು ಉದಾಹರಣೆಗೆ ಹಿಡಿದ ಸಂಖ್ಯೆ, ನಿಮ್ಮ ಸಂಖ್ಯೆಯನ್ನು ನೀವೇ ರಿಜಿಸ್ಟರ್‌ನಿಂದ ತೆಗೆಯಬೇಕು. 20 ಮೋಟರ್, ಅರ್ಧ ವರ್ಷ. ಅಂದರೆ ಒಟ್ಟು 10 ಮೋಟರ್-ವರ್ಷ. ಅಷ್ಟರಲ್ಲಿ ನಿರೀಕ್ಷಿಸಬಹುದಾದ ಬೇರಿಂಗ್ ವೈಫಲ್ಯ 0.6. ಒಂದು ಬೇರಿಂಗ್ ಕೂಡ ಕೆಡದೆ ಟ್ರಯಲ್ ಮುಗಿಯುವ ಸಂಭವ ಸುಮಾರು ಶೇ 55. ಬೇರಿಂಗ್ ಕೆಡುವ ಮೊದಲೇ ತಿಳಿಸುತ್ತೇವೆ ಎನ್ನುವುದು ನಿಮ್ಮ ಹೇಳಿಕೆ. ಬೇರಿಂಗ್ ಕೆಡಲೇ ಇಲ್ಲವಾದರೆ ಆ ಹೇಳಿಕೆ ಪರೀಕ್ಷೆಗೇ ಒಳಗಾಗಲಿಲ್ಲ. ನಿಮ್ಮ ಸಾಧನ ಸುಮ್ಮನಿತ್ತು, ಗೋಡೆಗೆ ಹೊಡೆದ ಮೊಳೆಯೂ ಸುಮ್ಮನಿರುತ್ತದೆ.

ಅದೃಷ್ಟ ಚೆನ್ನಾಗಿದ್ದು ಐದು ಕೆಟ್ಟವು, ಐದನ್ನೂ ನೀವು ಮೊದಲೇ ಹಿಡಿದಿರಿ ಎನ್ನೋಣ. ವರದಿಯಲ್ಲಿ ನೂರಕ್ಕೆ ನೂರು ನಿಖರತೆ ಎಂದು ಬರೆಯುವ ಆಸೆಯಾಗುತ್ತದೆ. ಸಂಖ್ಯಾಶಾಸ್ತ್ರ ಬಲ್ಲವರು ಸಮಿತಿಯಲ್ಲಿ ಒಬ್ಬರಿದ್ದರೂ ಸಾಕು, ಅಲ್ಲೇ ಹಿಡಿಯುತ್ತಾರೆ. ಐದಕ್ಕೆ ಐದು ಸರಿಯಾಗಿದ್ದರೂ, ನಿಜವಾದ ನಿಖರತೆ ಕೇವಲ ಶೇ 55 ಇರುವ ಸಾಧ್ಯತೆಯನ್ನು ಶೇ 95ರ ಭರವಸೆಯೊಂದಿಗೆ ತಳ್ಳಿಹಾಕಲು ಆಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೋಟರ್‌ಗಳ ಸಂಖ್ಯೆ ಹೆಚ್ಚಿಸುವುದು ಒಂದು ದಾರಿ: 120 ಮೋಟರ್, ಒಂದು ವರ್ಷ, ಏಳೆಂಟು ವೈಫಲ್ಯ. ಖರ್ಚು 20 ಲಕ್ಷದಲ್ಲಿ ಮುಗಿಯುವುದು ಕಷ್ಟ. ಇನ್ನೊಂದು ದಾರಿ, ಪದೇ ಪದೇ ಕೆಡುವ ಮೋಟರ್‌ಗಳನ್ನೇ ಹುಡುಕಿ ಆರಿಸುವುದು. ಪ್ರತಿ ಕಾರ್ಖಾನೆಯಲ್ಲೂ ಇಂಥ ಎರಡು ಮೂರು ಇರುತ್ತವೆ: ಕೂಲೆಂಟ್ ಸೋರುವ ಜಾಗದ ಪಂಪ್, ಅಡಿಪಾಯ ಸಡಿಲವಾದ ಕಂಪ್ರೆಸರ್, ಮೂರು ಸಲ ರೀವೈಂಡಿಂಗ್ ಆದ ಮೋಟರ್. ಮೇಂಟೆನೆನ್ಸ್ ಮೇಸ್ತ್ರಿಯನ್ನು ಕೇಳಿದರೆ ರಿಜಿಸ್ಟರ್ ನೋಡದೆಯೇ ಬೆರಳು ಮಾಡಿ ತೋರಿಸುತ್ತಾರೆ. ಇಂಥ 20 ಸಿಕ್ಕರೆ ಆರು ತಿಂಗಳಲ್ಲಿ ಲೆಕ್ಕಕ್ಕೆ ಬರುವಷ್ಟು ವೈಫಲ್ಯಗಳು ಸಿಗುತ್ತವೆ. ಆದರೆ ಆ ಫಲಿತಾಂಶ ಆರೋಗ್ಯವಂತ ಮೋಟರ್‌ಗಳಿಗೂ ಹಾಗೇ ಅನ್ವಯಿಸುತ್ತದೆ ಎಂದು ಹೇಳಿಕೊಳ್ಳಬಾರದು, ಅರ್ಜಿಯಲ್ಲೇ ಆ ಮಿತಿಯನ್ನು ಬರೆಯಿರಿ. ಮೂರನೆಯದು, ಬೇಕೆಂದೇ ಹಾಳು ಮಾಡಿದ ಬೇರಿಂಗ್‌ಗಳನ್ನು ಟೆಸ್ಟ್ ರಿಗ್ ಮೇಲೆ ಓಡಿಸುವುದು. ತುಮಕೂರು ರಸ್ತೆಯಲ್ಲಿ, ನಿಮ್ಮ ಪೀಣ್ಯಕ್ಕೆ ಹತ್ತಿರದಲ್ಲೇ, ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಎಲ್ಲರೂ ಸಿಎಂಟಿಐ ಎನ್ನುವುದು, ಇದೆ. ಕೇಂದ್ರದ ಸಮರ್ಥ್ ಉದ್ಯೋಗ್ ಕಾರ್ಯಕ್ರಮದಡಿ ಅಲ್ಲೊಂದು ಸ್ಮಾರ್ಟ್ ಉತ್ಪಾದನೆಯ ಪ್ರಾತ್ಯಕ್ಷಿಕೆ ಕೇಂದ್ರವೂ ಆಗಿದೆ. ಹೋಗಿ ಮಾತಾಡಿ.

ನನ್ನ ಸಲಹೆ, ಎರಡನೆಯದನ್ನು ಮೂರನೆಯದರ ಜೊತೆ ಸೇರಿಸಿ. ಅದಕ್ಕಿಂತ ಮುಖ್ಯವಾಗಿ, ಕೇಳುವ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿ. ಕಾರ್ಖಾನೆಯಲ್ಲಿ ಮಾತ್ರ ಉತ್ತರ ಸಿಗುವ ಪ್ರಶ್ನೆಗಳು ಬೇರೆಯೇ ಇವೆ. ಸುಳ್ಳು ಎಚ್ಚರಿಕೆ ಎಷ್ಟು ಬರುತ್ತದೆ? ಮೋಟರ್ ಒಂದಕ್ಕೆ ತಿಂಗಳಿಗೆ ಒಂದೇ ಸುಳ್ಳು ಎಚ್ಚರಿಕೆ ಎಂದರೆ ಕೇಳಲು ಕಡಿಮೆ ಅನಿಸುತ್ತದೆ. 20 ಮೋಟರ್‌ಗೆ ತಿಂಗಳಿಗೆ 20 ಆಯಿತು, ಕೆಲಸದ ದಿನಗಳಲ್ಲಿ ಹೆಚ್ಚುಕಡಿಮೆ ದಿನಕ್ಕೊಂದು. ಎರಡನೇ ವಾರಕ್ಕೆ ಸೂಪರ್‌ವೈಸರ್ ನಿಮ್ಮ ಆ್ಯಪ್‌ನ ಶಬ್ದ ನಿಲ್ಲಿಸಿರುತ್ತಾರೆ. ನಿಜವಾದ ಎಚ್ಚರಿಕೆ ಬಂದ ದಿನ ಅದನ್ನು ಯಾರೂ ನೋಡುವುದಿಲ್ಲ. ಡೇಟಾ ಎಷ್ಟು ಗಂಟೆ ಬಂತು, ಎಷ್ಟು ಗಂಟೆ ಬರಲಿಲ್ಲ? ಶನಿವಾರ ಸಂಜೆ ಮೇನ್ ಸ್ವಿಚ್ ತೆಗೆದು ಹೋಗುವ ಕಾರ್ಖಾನೆಯಲ್ಲಿ ಸೆನ್ಸರ್‌ಗಳ ಡೇಟಾವನ್ನು ಇಂಟರ್ನೆಟ್‌ಗೆ ದಾಟಿಸುವ ನಿಮ್ಮ ಗೇಟ್‌ವೇ ಸೋಮವಾರ ತಾನಾಗಿಯೇ ಮತ್ತೆ ನೆಟ್‌ವರ್ಕ್ ಹಿಡಿಯುತ್ತದೆಯೇ? ಮ್ಯಾಗ್ನೆಟ್‌ನಿಂದ ಅಂಟಿಸಿದ ಸೆನ್ಸರನ್ನು ಮೋಟರ್ ಒರೆಸುವವರು ಕಿತ್ತು, ಮತ್ತೆ ಎರಡಿಂಚು ಆಚೆ ಅಂಟಿಸಿದರೆ ನಿಮ್ಮ ಸಾಫ್ಟ್‌ವೇರ್ ಅದನ್ನು ದೋಷ ಎಂದುಕೊಳ್ಳುತ್ತದೆಯೇ? ಮ್ಯಾಗ್ನೆಟ್ ಹಿಡಿತದಲ್ಲಿ ಹೆಚ್ಚಿನ ಆವರ್ತನದ ಕಂಪನ ಸರಿಯಾಗಿ ದಾಟಿ ಬರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇರುತ್ತದೆ. ಬೇರಿಂಗ್ ದೋಷದ ಮೊದಲ ಸುಳಿವು ಇರುವುದೇ ಅಲ್ಲಿ. ಮೋಟರ್ ಸುಟ್ಟು, ರೀವೈಂಡಿಂಗ್ ಆಗಿ ವಾಪಸ್ ಬಂದ ಮೇಲೆ ಅದರ ಸಹಜ ಕಂಪನವೇ ಬದಲಾಗಿರುತ್ತದೆ. ಹಳೆಯ ಅಳತೆಯನ್ನೇ ಆಧಾರವಾಗಿಟ್ಟುಕೊಂಡರೆ ಎಚ್ಚರಿಕೆಗಳ ಮಳೆ. ಯಂತ್ರಗಳ ಕಂಪನಕ್ಕಿರುವ ಐಎಸ್‌ಒ 20816 ಮಾನಕದ ಮಿತಿಗಳನ್ನು ಹಾಗೇ ಹಾಕಿದರೂ ಇದೇ ಗತಿ, ಸಣ್ಣ ಕಾರ್ಖಾನೆಗಳ ಯಂತ್ರಗಳೆಲ್ಲ ಗಟ್ಟಿ ಅಡಿಪಾಯದ ಮೇಲೆ ಕೂತಿರುವುದಿಲ್ಲ.

ಈ ಪ್ರಶ್ನೆಗಳಿಗೆ 20 ಮೋಟರ್, ಆರು ತಿಂಗಳು ಧಾರಾಳ ಸಾಕು. ವರ್ಕ್‌ಶಾಪ್‌ನಲ್ಲಿ ಎಷ್ಟು ವರ್ಷ ಕೂತರೂ ಇವಕ್ಕೆ ಉತ್ತರ ಸಿಗುವುದಿಲ್ಲ. ಸಾರ್ವಜನಿಕರ ಹಣ ಕೇಳಲು ನಿಮಗಿರುವ ಸಮರ್ಥನೆ ಇದೇ.

ಈ ವಿಚಾರಕ್ಕೆ ಹಳೆಯದೊಂದು ಉದಾಹರಣೆ ಇದೆ. 1843ರಲ್ಲಿ ಅಮೆರಿಕದ ಕಾಂಗ್ರೆಸ್ ಸ್ಯಾಮ್ಯುಯೆಲ್ ಮೋರ್ಸ್‌ಗೆ 30,000 ಡಾಲರ್ ಮಂಜೂರು ಮಾಡಿತು, ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ವರೆಗೆ ಟೆಲಿಗ್ರಾಫ್ ತಂತಿ ಎಳೆದು ತೋರಿಸಲು. ಕೋಣೆಯೊಳಗೆ ಉಪಕರಣ ಆಗಲೇ ಕೆಲಸ ಮಾಡುತ್ತಿತ್ತು. ಹೊರಗೆ ಹೋದಾಗ ಕೈಕೊಟ್ಟಿದ್ದು ಉಪಕರಣವಲ್ಲ, ತಂತಿಯ ಹೊದಿಕೆ. ಸೀಸದ ಕೊಳವೆಯಲ್ಲಿ ನೆಲದಡಿ ಹೂಳಿದ ತಂತಿ ಕೆಲವು ಮೈಲಿಗಳಲ್ಲೇ ಕೆಟ್ಟಿತು. ಆಗ ಯೋಜನೆ ಬದಲಿಸಿ ಕಂಬ ನೆಟ್ಟು ತಂತಿ ಕಟ್ಟಿದರು. 1844ರ ಮೇ 24ರಂದು ಸಂದೇಶ ಹೋಯಿತು. ಮುಂದೆ ಜಗತ್ತಿನೆಲ್ಲೆಡೆ ರಸ್ತೆ, ರೈಲು ಹಳಿಗಳ ಪಕ್ಕ ಕಂಬಗಳು ಎದ್ದವು. ಆ ಅನುದಾನ ಕೊಂಡುಕೊಟ್ಟ ಬಹುದೊಡ್ಡ ತಿಳಿವಳಿಕೆ, ತಂತಿಯನ್ನು ನೆಲದಡಿ ಅಲ್ಲ, ಮೇಲೆ ಎಳೆಯಬೇಕು ಎಂಬುದು. ಕೆಲಸ ಶುರು ಮಾಡಿದಾಗ ಹಿಡಿದ ದಾರಿ ಅದಾಗಿರಲಿಲ್ಲ. ಆದ್ದರಿಂದ ನಿಮ್ಮ ಅರ್ಜಿಯಲ್ಲೂ ದಾರಿ ಬದಲಿಸಲು ಜಾಗ ಇರಲಿ: ಮೂರನೇ ತಿಂಗಳ ಕೊನೆಗೆ ಒಂದು ಪರಿಶೀಲನೆ, ಅಲ್ಲಿ ಏನು ಕಂಡರೆ ಏನು ಬದಲಿಸುತ್ತೇವೆ ಎಂದು ಎರಡು ಸಾಲು. ಮಧ್ಯದಲ್ಲಿ ಖರ್ಚಿನ ಬಾಬ್ತು ಬದಲಿಸಲು ಅನುಮತಿ ಕೇಳುವುದು ಆಗ ಸುಲಭ.

ಸಮಿತಿ ಏನು ನೋಡುತ್ತದೆ ಎಂದು ಕೇಳಿದ್ದೀರಿ. ಇಂಥ ಸಮಿತಿಗಳಲ್ಲಿ ಕೂತು ನನಗೆ ಕಂಡದ್ದನ್ನು ಹೇಳುತ್ತೇನೆ. ಮೊದಲು ಹುಡುಕುವುದು ನೀವು ಯಾವ ಹಂತದಲ್ಲಿದ್ದೀರಿ ಎಂಬುದನ್ನು. ತಂತ್ರಜ್ಞಾನವೊಂದು ಬಳಕೆಗೆ ಎಷ್ಟು ಸಿದ್ಧವಾಗಿದೆ ಎಂದು ಅಳೆಯಲು ನಾಸಾ ಹುಟ್ಟುಹಾಕಿದ ಒಂಬತ್ತು ಮೆಟ್ಟಿಲಿನ ಟಿಆರ್‌ಎಲ್ ಅಳತೆಗೋಲು ಈಗ ಎಲ್ಲ ಕಡೆ ಬಳಕೆಯಲ್ಲಿದೆ. ನಾಲ್ಕು ಎಂದರೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿದೆ, ಏಳು ಎಂದರೆ ನಿಜವಾದ ಬಳಕೆಯ ಜಾಗದಲ್ಲಿ ಮಾಡಿ ತೋರಿಸಿದೆ. ನೀವು ನಾಲ್ಕರಲ್ಲಿದ್ದೀರಿ, ಬಹಳವೆಂದರೆ ಐದು. ಏಳು ಎಂದು ಬರೆದುಕೊಂಡವರು ಸಿಕ್ಕಿಬೀಳುವುದು ಸರಳ ಪ್ರಶ್ನೆಯೊಂದರಲ್ಲಿ: ಏಳನೇ ಹಂತದಲ್ಲಿದ್ದರೆ ಟ್ರಯಲ್‌ಗೆ ಹಣ ಏಕೆ?

ಎರಡನೆಯದಾಗಿ, ಈ ಟ್ರಯಲ್ ಸೋಲಬಹುದೇ ಎಂದು ನೋಡುತ್ತಾರೆ, ಕನಿಷ್ಠ ನಾನಂತೂ ನೋಡುತ್ತೇನೆ. ಗ್ರಾಹಕರ ಅಭಿಪ್ರಾಯ ಸಂಗ್ರಹಿಸಲಾಗುವುದು, ಕಾರ್ಯಕ್ಷಮತೆ ಸಾಬೀತುಪಡಿಸಲಾಗುವುದು ಎಂದು ಬರೆದ ಟ್ರಯಲ್ ಸೋಲುವುದೇ ಇಲ್ಲ, ಆದ್ದರಿಂದ ಅದರ ಗೆಲುವಿಗೂ ಬೆಲೆಯಿಲ್ಲ. ಬದಲಿಗೆ ಹೀಗೆ ಬರೆಯಿರಿ: ತಿಂಗಳಿಗೆ 20 ಮೋಟರ್‌ಗೆ ಎರಡಕ್ಕಿಂತ ಹೆಚ್ಚು ಸುಳ್ಳು ಎಚ್ಚರಿಕೆ ಬಂದರೆ ಈ ಕ್ರಮಾವಳಿ (ಅಲ್ಗಾರಿದಮ್) ಮಾರಾಟಕ್ಕೆ ಯೋಗ್ಯವಲ್ಲ ಎಂದು ತೀರ್ಮಾನಿಸುತ್ತೇವೆ. ಬೇರಿಂಗ್ ಕೆಟ್ಟಿತ್ತೋ ಇಲ್ಲವೋ ಎಂದು ಹೇಳುವವರು ನಾವಲ್ಲ. ತೆಗೆದ ಬೇರಿಂಗನ್ನು ಬಿಚ್ಚಿ ನೋಡಿ ಹೊರಗಿನ ಪರೀಕ್ಷಕರು ಬರೆದುಕೊಡುತ್ತಾರೆ. ಈ ಎರಡು ಸಾಲು ಇರುವ ಅರ್ಜಿ ಕೈಗೆ ಬಂದರೆ ಕುರ್ಚಿಯಲ್ಲಿ ಒರಗಿದವರೂ ಮುಂದಕ್ಕೆ ಬಾಗುತ್ತಾರೆ.

ಇಲ್ಲೊಂದು ಎಚ್ಚರಿಕೆ. ಇಷ್ಟು ಚಿಕ್ಕದೇಕೆ, 500 ಮೋಟರ್ ಮಾಡಿ, ಮೂರು ಜಿಲ್ಲೆ ಸೇರಿಸಿ ಎಂದು ಸಮಿತಿಯಲ್ಲೇ ಯಾರಾದರೂ ಹುರಿದುಂಬಿಸಬಹುದು. ಸರ್ಕಾರಿ ಹಣಕ್ಕೆ ದೊಡ್ಡದರ ಮೇಲೆ ಮೋಹ ಜಾಸ್ತಿ. ಜರ್ಮನಿಯಲ್ಲಿ ಗ್ರೋವಿಯಾನ್ ಎಂಬ ಗಾಳಿಯಂತ್ರವನ್ನು ಸರ್ಕಾರದ ಹಣದಲ್ಲಿ ಒಮ್ಮೆಗೇ 3 ಮೆಗಾವ್ಯಾಟ್ ಗಾತ್ರದಲ್ಲಿ, ನೂರು ಮೀಟರ್ ಎತ್ತರದಲ್ಲಿ ಕಟ್ಟಿದರು. 1983ರಿಂದ 1987ರವರೆಗೆ ಅದು ಓಡಿದ್ದು ಒಟ್ಟು 420 ಗಂಟೆಗಳಷ್ಟು, 1988ರಲ್ಲಿ ಕಳಚಿ ತೆಗೆದರು. ಅದೇ ಕಾಲಕ್ಕೆ ಡೆನ್ಮಾರ್ಕ್‌ನವರು ಹತ್ತಾರು ಕಿಲೋವ್ಯಾಟ್‌ನ ಸಣ್ಣ ಯಂತ್ರಗಳನ್ನು ನಿಲ್ಲಿಸಿ, ಮುರಿದದ್ದನ್ನು ಸರಿಪಡಿಸುತ್ತಾ ಗಾತ್ರ ಏರಿಸುತ್ತಾ ಹೋದರು. ಗಾಳಿಯಂತ್ರದ ಮಾರುಕಟ್ಟೆ ಯಾರ ಕೈಗೆ ಹೋಯಿತೆಂಬುದು ಎಲ್ಲರಿಗೂ ಗೊತ್ತು. ನಿಮ್ಮ ಟ್ರಯಲ್ 20ರಲ್ಲೇ ಇರಲಿ.

ಬಜೆಟ್ ವಿಚಾರಕ್ಕೆ ಬಂದರೆ, ಸೆನ್ಸರ್, ಗೇಟ್‌ವೇಗಳ ಬೆಲೆಯನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಮನುಷ್ಯರ ಖರ್ಚು. ವಾರಕ್ಕೆ ಎರಡು ಸಲ ಎಲ್ಲ ಕಾರ್ಖಾನೆಗಳಿಗೂ ಹೋಗಿ ಬರುವ ಫೀಲ್ಡ್ ಟೆಕ್ನಿಷಿಯನ್‌ನ ಸಂಬಳ, ಹೊರಗಿನ ಪರೀಕ್ಷಕರ ಶುಲ್ಕ, ನಿಮ್ಮ ಸಾಧನದಿಂದ ಯಂತ್ರಕ್ಕೆ ಹಾನಿಯಾದರೆ ತುಂಬಿಕೊಡಲು ಒಂದು ಮೊತ್ತ, ಕಿತ್ತು ತೆಗೆಯುವ ಖರ್ಚು ಇವೆಲ್ಲ ಇರಬೇಕು. ಆರು ತಿಂಗಳಲ್ಲಿ ನಾಲ್ಕೋ ಐದೋ ಸೆನ್ಸರ್ ಹಾಳಾಗುತ್ತವೆ ಎಂದು ಮೊದಲೇ ಲೆಕ್ಕ ಹಿಡಿಯಿರಿ. ಲ್ಯಾಪ್‌ಟಾಪ್, ಪೀಠೋಪಕರಣ, ಕಚೇರಿ ಬಾಡಿಗೆ ಬರೆಯಬೇಡಿ. ಸೀಡ್ ಫಂಡ್ ಹಣವನ್ನು ಸೌಲಭ್ಯ ಕಟ್ಟಿಕೊಳ್ಳಲು ಬಳಸುವಂತೆಯೇ ಇಲ್ಲ.

ಹಣ ಒಮ್ಮೆಗೇ ಬರುವುದಿಲ್ಲ, ಮೈಲಿಗಲ್ಲು ಮುಟ್ಟಿದಂತೆ ಕಂತಿನಲ್ಲಿ ಬರುತ್ತದೆ. ಆ ಮೈಲಿಗಲ್ಲುಗಳನ್ನು ಬರೆಯುವವರು ನೀವೇ, ಬಹುಪಾಲು ಜನ ಎಡವುವುದೂ ಇಲ್ಲಿಯೇ. ಮೂರು ವೈಫಲ್ಯಗಳನ್ನು ಯಶಸ್ವಿಯಾಗಿ ಪತ್ತೆ ಹಚ್ಚಿದ ನಂತರ ಎರಡನೇ ಕಂತು ಎಂದು ಬರೆದುಕೊಟ್ಟರೆ, ಬೇರಿಂಗ್ ಕೆಡುವವರೆಗೂ ನಿಮ್ಮ ಕಂತು ಕೂತಿರುತ್ತದೆ. ಮೈಲಿಗಲ್ಲು ನಿಮ್ಮ ಕೈಯಳತೆಯಲ್ಲಿರಬೇಕು: 20 ಮೋಟರ್‌ಗೆ ಅಳವಡಿಸಿ 30 ದಿನದ ಡೇಟಾ ಪಡೆದದ್ದು, ಮೂರನೇ ತಿಂಗಳ ಪರಿಶೀಲನಾ ವರದಿ ಕೊಟ್ಟದ್ದು, ಹೀಗೆ. ಫಲಿತಾಂಶ ಒಳ್ಳೆಯದೋ ಕೆಟ್ಟದ್ದೋ, ವರದಿ ಕೊಟ್ಟರೆ ಕಂತು ಬರಬೇಕು. ಕೆಟ್ಟ ಫಲಿತಾಂಶ ಬಂದರೆ ಕಂತು ನಿಲ್ಲುತ್ತದೆ ಎಂಬ ಭಯವಿದ್ದರೆ ಕೆಟ್ಟ ಫಲಿತಾಂಶವನ್ನು ಯಾರೂ ಬರೆಯುವುದಿಲ್ಲ. ಇದು ಇನ್‌ಕ್ಯುಬೇಟರ್‌ನವರಿಗೂ ಅರ್ಥವಾಗುವ ಮಾತು, ಮುಲಾಜಿಲ್ಲದೆ ಹೇಳಿ.

ಅನುದಾನಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಕೇಂದ್ರದ ಅನುದಾನದ ಹಿಂದೆ 2017ರ ಸಾಮಾನ್ಯ ಹಣಕಾಸು ನಿಯಮಗಳ ನೆರಳು ಇರುತ್ತದೆ. ಖರ್ಚಿಗೆ ಯುಸಿ, ಅಂದರೆ ಬಳಕೆ ಪ್ರಮಾಣಪತ್ರ, ಕೊಡಬೇಕು. ಆ ಹಣಕ್ಕೆ ಬಂದ ಬಡ್ಡಿ ನಿಮ್ಮದಲ್ಲ. ಅನುದಾನದಲ್ಲಿ ಕೊಂಡ ಉಪಕರಣವನ್ನು ಕೇಳದೆ ಮಾರುವಂತಿಲ್ಲ. ಜೊತೆಗೆ, 2015ರ ಹಣಕಾಸು ಕಾಯ್ದೆಯ ತಿದ್ದುಪಡಿಯ ನಂತರ ಸರ್ಕಾರದ ಅನುದಾನ ಸಾಮಾನ್ಯವಾಗಿ ಆದಾಯ ಎಂದೇ ಲೆಕ್ಕ. ತೆರಿಗೆಯ ವಿಷಯವನ್ನು ಮೊದಲ ಕಂತು ಬರುವ ಮೊದಲೇ ನಿಮ್ಮ ಲೆಕ್ಕಪರಿಶೋಧಕರ ಹತ್ತಿರ ಮಾತಾಡಿ, ಮಾರ್ಚ್ ತಿಂಗಳಲ್ಲಿ ಅಲ್ಲ.

ಇನ್ನು ಕಾರ್ಖಾನೆಯವರು. ನಿಜ ಹೇಳಬೇಕೆಂದರೆ ಈ ಇಡೀ ವ್ಯವಹಾರದಲ್ಲಿ ಸಿಗುವುದು ಕಷ್ಟವಾದದ್ದು ಹಣವಲ್ಲ, ಒಳ್ಳೆಯ ಕಾರ್ಖಾನೆ. ಪರಿಚಯದ ಮೇಲೆ, ಪಾಪ ಹುಡುಗರು ಮಾಡಲಿ ಬಿಡಿ ಎಂದು ಒಪ್ಪಿದ ಮಾಲೀಕರು ಎರಡನೇ ತಿಂಗಳಿಗೆ ಫೋನ್ ಎತ್ತುವುದಿಲ್ಲ. ಕೆಟ್ಟ ಮೋಟರ್‌ನಿಂದ ನಿಜಕ್ಕೂ ದುಡ್ಡು ಕಳೆದುಕೊಳ್ಳುತ್ತಿರುವವರನ್ನು ಹುಡುಕಿ. ಅವರಿಂದ ಸಣ್ಣ ಮೊತ್ತವನ್ನಾದರೂ ತೆಗೆದುಕೊಳ್ಳಿ. ದುಡ್ಡು ಕೊಟ್ಟವರು ಸಾಧನ ಕೆಲಸ ಮಾಡದಿದ್ದಾಗ ಬೈಯುತ್ತಾರೆ. ಪುಕ್ಕಟೆ ತೆಗೆದುಕೊಂಡವರು ಸುಮ್ಮನಿರುತ್ತಾರೆ. ನಿಮಗೆ ಬೇಕಾದದ್ದು ಬೈಗುಳ.

ಅರ್ಜಿಯ ಜೊತೆ ಅವರ ಪತ್ರ ಇಡುತ್ತೀರಲ್ಲ, ಅದರಲ್ಲಿ ಈ ಉತ್ಪನ್ನ ನಮ್ಮ ಉದ್ಯಮಕ್ಕೆ ಬಹಳ ಉಪಯುಕ್ತ ಎಂಬ ಸಾಲು ಇದ್ದರೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಪತ್ರ ಹೀಗಿರಲಿ: ನಮ್ಮ ಆರು ಮೋಟರ್‌ಗಳ ಮೇಲೆ ಆರು ತಿಂಗಳು ಪರೀಕ್ಷೆಗೆ ಅವಕಾಶ ಕೊಡುತ್ತೇವೆ, ಹಿಂದಿನ ಎರಡು ವರ್ಷದ ರಿಪೇರಿ ದಾಖಲೆ ಕೊಡುತ್ತೇವೆ, ಒಪ್ಪಿದ ಮಟ್ಟ ಮುಟ್ಟಿದರೆ ಇಷ್ಟು ಸಾಧನಗಳನ್ನು ಇಷ್ಟು ಬೆಲೆಗೆ ಕೊಳ್ಳುತ್ತೇವೆ. ಇಂಥ ಪತ್ರ ಬರೆಸಿಕೊಳ್ಳುವುದು ಕಷ್ಟ. ಯಾರೂ ಬರೆದುಕೊಡದಿದ್ದರೆ ಅದೂ ಒಂದು ಉತ್ತರವೇ, ಅದಕ್ಕೆ 20 ಲಕ್ಷ ಖರ್ಚಾಗಲಿಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದು. ಡೇಟಾ ಯಾರದು, ಕಾರ್ಖಾನೆಯ ಹೆಸರು ಹೇಳದೆ ಫಲಿತಾಂಶ ಪ್ರಕಟಿಸಬಹುದೇ ಎಂಬುದನ್ನೂ ಬರಹದಲ್ಲಿ ಇಟ್ಟುಕೊಳ್ಳಿ. ಒಂದು ಸೂಕ್ಷ್ಮ ಇದೆ. ಮೋಟರ್ ಯಾವಾಗ ಓಡಿತು, ಯಾವಾಗ ನಿಂತಿತು ಎಂಬುದು ನಿಮ್ಮ ಡೇಟಾದಲ್ಲಿ ಎದ್ದು ಕಾಣುತ್ತದೆ. ರಾತ್ರಿ ಪಾಳಿಯವರು ಎಷ್ಟು ಹೊತ್ತು ಯಂತ್ರ ನಿಲ್ಲಿಸಿದ್ದರು ಎಂದು ಮಾಲೀಕರು ಕೇಳಿದ ದಿನ, ಕೆಲಸಗಾರರ ಕಣ್ಣಿಗೆ ನಿಮ್ಮ ಸೆನ್ಸರ್ ಗೂಢಚಾರ ಆಗುತ್ತದೆ. ಆಮೇಲೆ ಅದು ಪದೇ ಪದೇ ತಾನಾಗಿಯೇ ಕಳಚಿ ಬೀಳುತ್ತಿರುತ್ತದೆ. ಆ ವರದಿ ಯಾರಿಗೂ ಕೊಡುವುದಿಲ್ಲ ಎಂದು ಒಪ್ಪಂದದಲ್ಲೇ ಬರೆದು, ಪಾಳಿಯವರಿಗೂ ಓದಿ ಹೇಳಿ.

ಟ್ರಯಲ್ ಗೆದ್ದ ಮೇಲೆ ಏನು ಎಂಬುದನ್ನು ಈಗಲೇ ಯೋಚಿಸಿ. ಮೋರ್ಸ್‌ನ ಕಥೆಯ ಉತ್ತರಾರ್ಧ ಅಷ್ಟು ಪ್ರಸಿದ್ಧವಲ್ಲ: ಟ್ರಯಲ್‌ಗೆ ಹಣ ಕೊಟ್ಟ ಸರ್ಕಾರ, ಗೆದ್ದ ತಂತ್ರಜ್ಞಾನವನ್ನು ಒಂದು ಲಕ್ಷ ಡಾಲರ್‌ಗೆ ಕೊಳ್ಳಿ ಎಂದಾಗ ಬೇಡವೆಂದಿತು, ಖಾಸಗಿ ಕಂಪನಿಗಳು ಅದನ್ನು ಬೆಳೆಸಿದವು. 1982ರಲ್ಲಿ ಅದೇ ದೇಶ ಸಣ್ಣ ಕಂಪನಿಗಳಿಗೆಂದು ತಂದ ಎಸ್‌ಬಿಐಆರ್ ಕಾರ್ಯಕ್ರಮದಲ್ಲಿ ಮೂರು ಹಂತಗಳಿವೆ. ಮೂರನೆಯದಾದ ವಾಣಿಜ್ಯ ಹಂತಕ್ಕೆ ಆ ನಿಧಿಯಿಂದ ಬಿಡಿಗಾಸೂ ಇಲ್ಲ, ಕೊಳ್ಳುವವರೇ ಕೊಡಬೇಕು. ನಮ್ಮಲ್ಲೂ ಅನುದಾನ ಕೊಟ್ಟ ಇಲಾಖೆ ನಿಮ್ಮ ಗ್ರಾಹಕ ಅಲ್ಲ. ಸರ್ಕಾರವನ್ನೇ ಗ್ರಾಹಕನನ್ನಾಗಿ ಮಾಡಿಕೊಳ್ಳುವ ಆಸೆಯಿದ್ದರೆ ಅದು ಬೇರೆ ದಾರಿ. ಸಾಮಾನ್ಯ ಹಣಕಾಸು ನಿಯಮ 173ರ ಪ್ರಕಾರ ಮಾನ್ಯತೆ ಪಡೆದ ಸ್ಟಾರ್ಟ್‌ಅಪ್‌ಗಳಿಗೆ ಹಿಂದಿನ ವಹಿವಾಟು, ಅನುಭವದ ಷರತ್ತುಗಳನ್ನು ಸಡಿಲಿಸಬಹುದು, ಗುಣಮಟ್ಟ ಮಾತ್ರ ಸಡಿಲಾಗುವುದಿಲ್ಲ. ಟೆಂಡರ್‌ನ ಇಎಂಡಿ ಠೇವಣಿಯಿಂದಲೂ ವಿನಾಯಿತಿಯಿದೆ. ಪಂಪ್‌ಗಳೇ ಉಸಿರಾಗಿರುವ ಸಂಸ್ಥೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಬೆಂಗಳೂರಿಗೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಹಾದು ಹಂತಹಂತವಾಗಿ ಮೇಲೇರಿ ಬರುವುದೇ ಪಂಪ್‌ಗಳ ಬಲದಿಂದ. ಆದರೆ ಅಂಥಲ್ಲಿಗೆ ಹೋಗುವಾಗ ಪೀಣ್ಯದ ಫಲಿತಾಂಶ ಕೈಯಲ್ಲಿರಲಿ.

ಕೊನೆಯದಾಗಿ, ಕಾಯಬೇಕೆ ಎಂದಿರಿ. ಬೇಡ, ಆದರೆ ಖರ್ಚೂ ಮಾಡಬೇಡಿ. ಮಂಜೂರಾತಿ ಪತ್ರದ ದಿನಾಂಕಕ್ಕಿಂತ ಮೊದಲು ಮಾಡಿದ ವೆಚ್ಚವನ್ನು ಅನುದಾನದಲ್ಲಿ ತೋರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ದುಡ್ಡಿಲ್ಲದೆ ಆಗುವ ಕೆಲಸವೇ ಎರಡು ತಿಂಗಳಿಗಾಗುವಷ್ಟಿದೆ: ರಿಪೇರಿ ರಿಜಿಸ್ಟರ್‌ಗಳ ಫೋಟೊ ತೆಗೆದು ಕಳೆದ ಎರಡು ವರ್ಷದ ವೈಫಲ್ಯ ಎಣಿಸುವುದು, ಕೆಟ್ಟ ಮೋಟರ್‌ಗಳ ಪಟ್ಟಿ ಮಾಡುವುದು, ಈಗಾಗಲೇ ತಯಾರಾಗಿರುವ ಎರಡು ಸಾಧನಗಳನ್ನು ಒಂದೇ ಕಾರ್ಖಾನೆಯಲ್ಲಿ ಅಂಟಿಸಿ ಭಾನುವಾರ ಕಳೆದು ಸೋಮವಾರ ಏನಾಗುತ್ತದೆ ನೋಡುವುದು, ಮಾಲೀಕರಿಂದ ಆ ಪತ್ರ ಬರೆಸಿಕೊಳ್ಳುವುದು. ಸಮಿತಿಯ ಮುಂದೆ ಹೋಗುವ ದಿನ ಆ ಎಣಿಕೆ ನಿಮ್ಮ ಮೊದಲ ಸ್ಲೈಡ್‌ನಲ್ಲಿರಲಿ. ಉಳಿದ 18 ಸೆನ್ಸರ್‌ಗಳ ಆರ್ಡರನ್ನು ಮಾತ್ರ ಮಂಜೂರಾತಿ ಪತ್ರ ಕೈಗೆ ಬಂದ ಮೇಲೆ ಕೊಡಿ.